ಅಂಚೆಯವನು ಓದಿದ ಕಾಗದ

ಹೈಸ್ಕೂಲಿನ ಮಕ್ಕಳಿಗೆ ಮೈಸೂರು ಒಡೆಯರ ಪಾಠ ಮಾಡುವಾಗ ಒಂದು ಅಂಕದ ಪ್ರಶ್ನೆಯೊಂದು ತಪ್ಪದೆ ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಅಂಚೆ ವ್ಯವಸ್ಥೆಯನ್ನು ಆರಂಭಿಸಿದವರು ಯಾರು? ಚಿಕ್ಕದೇವರಾಜ ಒಡೆಯರು. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ, ಇಬ್ಬರ ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಕಳೆದ ವರ್ಷ ಮಾತ್ರ, ಪಾಠ ಮುಗಿದು ಇನ್ನೂ ಹತ್ತು ನಿಮಿಷ ಉಳಿದಿದ್ದುದರಿಂದ, ಪುಸ್ತಕದಲ್ಲಿಲ್ಲದ ಒಂದು ಮಾತನ್ನು ಸೇರಿಸಿದೆ. ಆ ಅಂಚೆಯವರು ಕಾಗದ ಹೊರುವುದಷ್ಟೇ ಅಲ್ಲ, ಊರಿನಲ್ಲಿ ಯಾರು ಏನು ಮಾತಾಡುತ್ತಾರೆ ಎಂಬುದನ್ನೂ ಅರಮನೆಗೆ ತಿಳಿಸುತ್ತಿದ್ದರು ಎಂದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಕಾಗದ ಬರೆದೋರಿಗೆ ಅದು ಗೊತ್ತಿತ್ತಾ?"

ನಾನು ಉತ್ತರ ಹುಡುಕುತ್ತಿರುವಾಗಲೇ ಹಿಂದಿನಿಂದ ಒಬ್ಬ ಹುಡುಗ ಕರಿಹಲಗೆಯ ಮೇಲಿನ ಮೂಲೆಯತ್ತ ಕೈ ತೋರಿಸಿದ. ಅಲ್ಲಿ, ಮೊದಲು ಗೋಡೆ ಗಡಿಯಾರವಿದ್ದ ಜಾಗದ ಪಕ್ಕದಲ್ಲಿ, ಕಪ್ಪು ಗಾಜಿನ ಗೋಲದಂಥ ಕ್ಯಾಮರಾ ಇದೆ. "ಮಿಸ್, ನೀವು ಈಗ ಹೇಳಿದ್ದನ್ನ ಅದೂ ಕೇಳಿಸ್ಕೊಳ್ತಾ?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನಿಜ ಹೇಳಬೇಕೆಂದರೆ, ಆ ಯಂತ್ರಕ್ಕೆ ಕಣ್ಣಷ್ಟೇ ಇದೆಯೋ ಕಿವಿಯೂ ಇದೆಯೋ ನನಗೆ ಗೊತ್ತಿರಲಿಲ್ಲ. ಅದರಡಿಯಲ್ಲಿ ನಿಂತು ಪಾಠ ಮಾಡಲು ಹಿಡಿದು ಮೂರು ವರ್ಷಗಳಾಗಿದ್ದವು. ಯಾರನ್ನೂ ಕೇಳಿರಲಿಲ್ಲ. ಮಾರನೆಯ ವಾರ ತುರ್ತು ಪರಿಸ್ಥಿತಿಯ ಪಾಠ ಮಾಡುವಾಗ ನನ್ನ ದನಿ ನನಗರಿವಿಲ್ಲದೆ ತಗ್ಗಿದ್ದನ್ನು ನಾನೇ ಗಮನಿಸಿದೆ. ಮೂವತ್ತು ವರ್ಷ ಇತಿಹಾಸ ಹೇಳಿದವಳಿಗೆ ಇದು ಸಣ್ಣ ಅವಮಾನವಲ್ಲ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಚಿಕ್ಕದೇವರಾಜರು ಆಳಿದ್ದು 1673ರಿಂದ 1704ರವರೆಗೆ. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದವರೆಂದು, 'ನವಕೋಟಿ ನಾರಾಯಣ' ಎಂಬ ಬಿರುದು ಪಡೆದವರೆಂದು ನಾವು ಕಲಿಸುತ್ತೇವೆ. ಆ ಹದಿನೆಂಟರಲ್ಲಿ ಅಂಚೆ ಚಾವಡಿಯೂ ಒಂದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಇತಿಹಾಸವನ್ನು ಬರೆದ. ಅದರ ಮೊದಲ ಸಂಪುಟ 1810ರಲ್ಲಿ ಹೊರಬಂತು. ಈ ಅಂಚೆ ಬರಿಯ ಸುದ್ದಿ ಸಾಗಿಸುವ ಏರ್ಪಾಡಲ್ಲ, ಪೋಲೀಸಿನ ಉಪಕರಣ ಎಂಬುದನ್ನು ಅವನು ಅದರಲ್ಲಿ ಸ್ಪಷ್ಟವಾಗಿ ಗುರುತಿಸಿದ್ದಾನೆ. ಊರೂರಿನ ಅಂಚೆಯ ಅಧಿಕಾರಿಗಳು ಆಸ್ಥಾನದ ಗುಪ್ತ ವರದಿಗಾರರೂ ಆಗಿದ್ದರು. ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗಿದ್ದು 1889ರಲ್ಲಿ. ಅಲ್ಲಿಗೆ ಆ ಇಲಾಖೆಯ ಕಥೆ ಮುಗಿಯಿತು. ಸುದ್ದಿ ಒಯ್ಯುವವನೇ ಸುದ್ದಿ ಓದುವವನೂ ಆಗುವ ಪದ್ಧತಿ ಮುಗಿಯಲಿಲ್ಲ. ಇಂದು ನಮ್ಮ ಸಂದೇಶಗಳನ್ನು ಒಯ್ಯುವ ಕಂಪನಿಗಳ ವಿಷಯದಲ್ಲಿ ಲೋಕವೆಲ್ಲ ಕೇಳುತ್ತಿರುವುದು ನನ್ನ ಮುಂದಿನ ಬೆಂಚಿನ ಹುಡುಗಿ ಕೇಳಿದ ಪ್ರಶ್ನೆಯನ್ನೇ.

ಕಾಗದ ಓದುವುದು ಒಂದಾದರೆ, ಬರೆಯಲೇ ಬಿಡದಿರುವುದು ಇನ್ನೊಂದು. ಅದಕ್ಕೂ ನಮ್ಮಲ್ಲಿ ಹಳೆಯ ಉದಾಹರಣೆಯುಂಟು. 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನ ಒಂದು ಪತ್ರಿಕಾ ಕಾಯಿದೆಯನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂತೆಗೆಯುವ ಅಧಿಕಾರವೂ ಸರ್ಕಾರದ್ದೇ. ಮೈಸೂರಿನವರು ತಾತಯ್ಯನವರೆಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅವರೂ ಉಪಾಧ್ಯಾಯರೇ ಎಂಬುದನ್ನು ನಾನು ಮಕ್ಕಳಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಇದೇ ಕಾಯಿದೆಯ ನೆರಳಿನಲ್ಲಿ, 1913ರಲ್ಲಿ, ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಸಾರ್ವಜನಿಕ ವಿಷಯಗಳ ಚರ್ಚೆಗೆಂದು ಅವರು ಮುಂದೆ 1945ರಲ್ಲಿ ಸ್ಥಾಪಿಸಿದ ಗೋಖಲೆ ಸಂಸ್ಥೆ ಎನ್. ಆರ್. ಕಾಲೊನಿಯಲ್ಲಿ ಇಂದಿಗೂ ಇದೆ.

ನಾನು ಹುಟ್ಟಿ ಬೆಳೆದದ್ದು ಅದೇ ಎನ್. ಆರ್. ಕಾಲೊನಿಯ ಒಂದು ವಠಾರದಲ್ಲಿ. ವಠಾರವೆಂದರೆ ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು. ಯಾರ ಮನೆಯಲ್ಲಿ ಹುಳಿ, ಯಾರ ಮನೆಯಲ್ಲಿ ಬರಿ ಸಾರು, ಯಾರ ಮನೆಯಲ್ಲಿ ರಾತ್ರಿ ಜಗಳ, ಎಲ್ಲವೂ ಎಲ್ಲರಿಗೂ ಗೊತ್ತು. ಹಾಗಾಗಿ ನಮ್ಮವರಿಗೆ ಖಾಸಗಿತನದ ಕಲ್ಪನೆಯೇ ಇಲ್ಲ, ಅದು ಪಶ್ಚಿಮದವರ ಸರಕು ಎಂದು ಯಾರಾದರೂ ವಾದಿಸಿದರೆ ನನಗೆ ನಮ್ಮ ತಂದೆಯ ನೆನಪಾಗುತ್ತದೆ. 1975ರಲ್ಲಿ ನನಗೆ ಆರು ವರ್ಷ. ಸರ್ಕಾರಿ ಗುಮಾಸ್ತರಾಗಿದ್ದ ಅವರು ರಾತ್ರಿ ಊಟವಾದ ಮೇಲೆ ಬಾಗಿಲ ಚಿಲಕ ಹಾಕಿ, ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಬಿ.ಬಿ.ಸಿ. ಕೇಳುತ್ತಿದ್ದರು. ಏಕೆ ಅಷ್ಟು ಸಣ್ಣಗೆ ಇಟ್ಟಿದ್ದೀರಿ ಎಂದು ಕೇಳಿದರೆ ಅಮ್ಮ ನನ್ನ ಬಾಯಿ ಮುಚ್ಚುತ್ತಿದ್ದಳು. ಹುಳಿ-ಸಾರಿನ ಸುದ್ದಿ ವಠಾರಕ್ಕೆ ಗೊತ್ತಾದರೆ ಯಾರಿಗೂ ನಷ್ಟವಿರಲಿಲ್ಲ. ಬಿ.ಬಿ.ಸಿ.ಯ ಸುದ್ದಿ ಕಚೇರಿಗೆ ಗೊತ್ತಾದರೆ ಅಪ್ಪನ ಕೆಲಸ ಹೋಗಬಹುದಿತ್ತು. ನೆರೆಯವರ ಕಿವಿಗೂ ಸರ್ಕಾರದ ಕಿವಿಗೂ ಇರುವ ಅಂತರ ವಠಾರದ ಜನಕ್ಕೆ ಯಾವ ತೀರ್ಪಿನ ಸಹಾಯವೂ ಇಲ್ಲದೆ ತಿಳಿದಿತ್ತು.

ಆ ದಿನಗಳಲ್ಲಿ ಬೆಂಗಳೂರು ದೂರದ ಪ್ರೇಕ್ಷಕನಾಗಿರಲಿಲ್ಲ. ಸಂಸತ್ತಿನ ಸಮಿತಿಯ ಸಭೆಗೆಂದು ಇಲ್ಲಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು 1975ರ ಜೂನ್ 26ರಂದು ಇಲ್ಲಿಯೇ ಬಂಧಿಸಿ ಸೆಂಟ್ರಲ್ ಜೈಲಿಗೆ ಕಳುಹಿಸಿದರು. ಇಂದು ಫ್ರೀಡಂ ಪಾರ್ಕ್ ಎನಿಸಿಕೊಂಡು ಧರಣಿ ಕೂರುವವರಿಗೆ ಜಾಗ ಕೊಟ್ಟಿರುವುದು ಅದೇ ಜೈಲು. ಸ್ನೇಹಲತಾ ರೆಡ್ಡಿಯವರೂ ಅಲ್ಲಿದ್ದರು. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ 1970ರಲ್ಲಿ ತಯಾರಾದ 'ಸಂಸ್ಕಾರ' ಚಿತ್ರದ ಚಂದ್ರಿ ಅವರು. ಆ ಚಿತ್ರವನ್ನು ಮೊದಲು ಸೆನ್ಸಾರಿನವರು ತಡೆದಿದ್ದರು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಸ್ನೇಹಲತಾ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿದರು. ತೀವ್ರ ಆಸ್ತಮಾ ಇತ್ತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅವರು ಜೈಲಿನಲ್ಲಿ ಬರೆದಿಟ್ಟ ದಿನಚರಿ ಸಾವಿನ ನಂತರ ಪ್ರಕಟವಾಯಿತು.

ಆಗ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಾಗ 'ಇಂಡಿಯನ್ ಎಕ್ಸ್‌ಪ್ರೆಸ್' ಜೂನ್ 28ರಂದು ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಖಾಲಿ ಬಿಟ್ಟರೆ ಏನು ಓದುವುದು ಎಂದು ಮಕ್ಕಳು ಕೇಳುತ್ತಾರೆ. ಇಲ್ಲಿ ಏನೋ ಇತ್ತು, ಅದನ್ನು ಯಾರೋ ತೆಗೆದರು ಎಂಬುದನ್ನು ಓದುವುದು ಎನ್ನುತ್ತೇನೆ. ಇಂದು ಜಾಲದ ಮೇಲಿನ ಬರಹವನ್ನು ತೆಗೆಸಲು ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು ಇದೆ. ಅದರಡಿಯ ಆದೇಶಗಳನ್ನು ನಿಯಮಗಳು ಗೋಪ್ಯವಾಗಿಡುತ್ತವೆ. ಹಾಗೆ ತೆಗೆಸಿದ್ದನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ನಮ್ಮ ಹೈಕೋರ್ಟಿಗೇ ಬಂತು. 2023ರ ಜೂನ್ 30ರಂದು ಅದರ ಅರ್ಜಿ 50 ಲಕ್ಷ ರೂಪಾಯಿ ದಂಡದೊಡನೆ ವಜಾ ಆಯಿತು. ಹೆಸರು ಬದಲಿಸಿಕೊಂಡ ಅದೇ ಕಂಪನಿ 'ಸಹಯೋಗ್' ಎಂಬ ಕೇಂದ್ರ ಸರ್ಕಾರದ ಏರ್ಪಾಡನ್ನು ಪ್ರಶ್ನಿಸಿದ ಅರ್ಜಿಯೂ 2025ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ಕಂಪನಿಯ ಲಾಭ ನಷ್ಟ ನನ್ನ ಚಿಂತೆಯಲ್ಲ, ವಿದೇಶೀ ಕಂಪನಿಗಳು ನಮ್ಮ ಕಾನೂನಿಗೆ ಬಗ್ಗಬೇಕೆಂಬುದರಲ್ಲೂ ತಕರಾರಿಲ್ಲ. ಆದರೆ ಖಾಲಿ ಜಾಗವೂ ಕಾಣದಂತೆ ಅಕ್ಷರ ಮಾಯವಾದರೆ, ಓದುವವನಿಗೆ ತನ್ನಿಂದ ಏನೋ ಮುಚ್ಚಲಾಗಿದೆ ಎಂಬುದೂ ತಿಳಿಯುವುದಿಲ್ಲ.

ತುರ್ತು ಪರಿಸ್ಥಿತಿ ನಮ್ಮ ಬಡಾವಣೆಗಳ ಮೇಲೆ ಒಂದು ಗುರುತು ಬಿಟ್ಟಿದೆ. ಜೆ. ಪಿ. ನಗರದ ಎಷ್ಟೋ ಮಕ್ಕಳನ್ನು ಕೇಳಿದ್ದೇನೆ: ಜೆ. ಪಿ. ಎಂದರೆ ಏನು? ಒಂದನೇ ಫೇಸಿನಿಂದ ಎಲ್ಲ ಫೇಸುಗಳ ಬಸ್ ನಂಬರನ್ನೂ ಹೇಳುವ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಜಯಪ್ರಕಾಶ ನಾರಾಯಣ್ ಎಂದರೆ, "ಓ, ಅದು ಪಾಠದಲ್ಲಿದೆ" ಎನ್ನುತ್ತಾರೆ. 1976ರಲ್ಲಿ, ಸೆರೆಯಿಂದ ಹೊರಬಂದ ಮೇಲೆ, ಅವರು ನಾಗರಿಕ ಸ್ವಾತಂತ್ರ್ಯಕ್ಕಾಗಿ ಕಟ್ಟಿದ ಸಂಘಟನೆಯೇ ಪಿ.ಯು.ಸಿ.ಎಲ್. ಇಪ್ಪತ್ತು ವರ್ಷಗಳ ನಂತರ ಟೆಲಿಫೋನ್ ಕದ್ದಾಲಿಕೆಗೆ ಅಂಕೆ ಹಾಕಿಸಿದ್ದು ಆ ಸಂಘಟನೆ. ಆದರೆ ಅದಕ್ಕೆ ಮೊದಲು ನಮ್ಮ ರಾಜ್ಯದ್ದೇ ಒಂದು ಅಧ್ಯಾಯ ಬರಬೇಕು.

1988ರಲ್ಲಿ ನಾನು ಬಿ.ಎ. ಓದುತ್ತಿದ್ದೆ. ಅಷ್ಟರಲ್ಲಿ ನಾವು ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆಗೆ ಬಂದಿದ್ದೆವು. ನಮಗೆ ಫೋನಿರಲಿಲ್ಲ, ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ. ಪಕ್ಕದ ಮನೆಯ ನಂಬರನ್ನು 'ಪಿ.ಪಿ.' ಎಂದು ಬರೆದು ಬಂಧುಗಳಿಗೆ ಕೊಟ್ಟಿದ್ದೆವು. ಕರೆ ಬಂದರೆ ಆ ಮನೆಯ ಮಾಮಿ ಕಾಂಪೌಂಡಿನಿಂದ ಕೂಗುವರು. ನಾವು ಓಡಿಹೋಗಿ ಮಾತಾಡುವಾಗ ಅವರು ಅಲ್ಲಿಯೇ ಕುಳಿತು ಹುರುಳಿಕಾಯಿ ನಾರು ತೆಗೆಯುವರು. ನಮ್ಮ ಅಕ್ಕನ ಮದುವೆಯ ಮಾತುಕತೆ ಮುರಿದ ಸುದ್ದಿ ನಮಗಿಂತ ಅರ್ಧ ನಿಮಿಷ ಮೊದಲೇ ಅವರಿಗೆ ತಿಳಿದಿತ್ತು. ಆ ಆಗಸ್ಟ್ ತಿಂಗಳಲ್ಲಿ 'ದೂರವಾಣಿ ಕದ್ದಾಲಿಕೆ' ಎಂಬ ಪದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಮ್ಮ, "ನಮ್ಮ ಮಾಮಿ ಮಾಡೋದೂ ಅದೇ ಅಲ್ವೇನೇ" ಎಂದು ನಕ್ಕಳು.

ರಾಮಕೃಷ್ಣ ಹೆಗಡೆಯವರು 1983ರ ಜನವರಿಯಿಂದ ಮುಖ್ಯಮಂತ್ರಿಯಾಗಿದ್ದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಅವರ ಹೆಸರಿನೊಡನೆ ಅಂಟಿಕೊಂಡಿತ್ತು. ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಕೊಟ್ಟ ಸರ್ಕಾರ ಅದು. ತುರ್ತು ಪರಿಸ್ಥಿತಿಯಲ್ಲಿ ತಾವೇ ಸೆರೆಮನೆ ಕಂಡವರು. ಅಂಥವರ ಸರ್ಕಾರದ ಕಾಲದಲ್ಲಿ ರಾಜಕಾರಣಿಗಳ, ಅವರದೇ ಪಕ್ಷದ ಭಿನ್ನಮತೀಯರ ಫೋನುಗಳನ್ನು ಪೋಲೀಸರು ಕೇಳಿಸಿಕೊಂಡಿದ್ದರೆಂಬುದು ಹೊರಬಿತ್ತು. ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಎಸ್. ಆರ್. ಬೊಮ್ಮಾಯಿಯವರು ಆ ಸ್ಥಾನಕ್ಕೆ ಬಂದರು. ಇದರಿಂದ ಎರಡು ಪಾಠ ಕಲಿಯಬಹುದೆಂದು ನಾನು ಭಾವಿಸಿದ್ದೇನೆ. ಒಂದು, ಕೇಳುವ ಯಂತ್ರ ಕೈಗೆ ಸಿಕ್ಕರೆ ಒಳ್ಳೆಯವರ ಸರ್ಕಾರವೂ ಕೇಳುತ್ತದೆ. ಇನ್ನೊಂದು, ಅಂದು ಅದಕ್ಕೆ ಒಂದು ಕುರ್ಚಿಯ ಬೆಲೆ ಇತ್ತು. 2019ರಲ್ಲಿ ಮತ್ತೆ ನಮ್ಮ ರಾಜ್ಯದಲ್ಲಿ ಕದ್ದಾಲಿಕೆಯ ಆರೋಪವೆದ್ದು ತನಿಖೆ ಸಿ.ಬಿ.ಐ.ಗೆ ಹೋಯಿತು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ತಂತ್ರಾಂಶದ ಸುದ್ದಿ ಬಂದಾಗ, ಗುರಿಯಾಗಿರಬಹುದೆಂದು ಪತ್ರಿಕೆಗಳು ಪ್ರಕಟಿಸಿದ ನಂಬರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಯಕರ ಬಳಗದವೂ ಇದ್ದವು. ಆ ಎರಡು ಸಲವೂ ಯಾರ ಕುರ್ಚಿಯೂ ಅಲುಗಲಿಲ್ಲ.

ಹೀಗೆ ಕೇಳುವ ಅಧಿಕಾರ ಸರ್ಕಾರಕ್ಕೆ ಬಂದದ್ದು 1885ರ ಟೆಲಿಗ್ರಾಫ್ ಕಾಯಿದೆಯಿಂದ. ಆ ವರ್ಷ ಕಾಂಗ್ರೆಸ್ ಹುಟ್ಟಿತೆಂದು ಮಕ್ಕಳು ಬಲ್ಲರು, ಕಾಯಿದೆ ಹುಟ್ಟಿದ್ದನ್ನು ಯಾರೂ ಕಲಿಸುವುದಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಅಧಿಕಾರವನ್ನು ಹೇಗೆ ಚಲಾಯಿಸಬೇಕೆಂಬ ನಿಯಮವೇ ಇರಲಿಲ್ಲ. ಪಿ.ಯು.ಸಿ.ಎಲ್. ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ತೀರ್ಪಿತ್ತರು. ಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬದುಕಿನ ಭಾಗ. ಅದನ್ನು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಬೇರೆ ದಾರಿಯಿಂದ ಆ ಮಾಹಿತಿ ಸಿಗಬಹುದೇ ಎಂದು ಮೊದಲು ಯೋಚಿಸಬೇಕು. ಆದೇಶಕ್ಕೆ ಎರಡು ತಿಂಗಳ ಆಯುಸ್ಸು, ಎಷ್ಟು ಬೆಳೆಸಿದರೂ ಆರು ತಿಂಗಳು. ಸಮಿತಿಯೊಂದು ಎರಡು ತಿಂಗಳೊಳಗೆ ಅದನ್ನು ಪರಿಶೀಲಿಸಬೇಕು. 1885ರ ಕಾಯಿದೆಯ ಜಾಗಕ್ಕೆ 2023ರಲ್ಲಿ ದೂರಸಂಪರ್ಕ ಕಾಯಿದೆ ಬಂದಿದೆ. ಕೇಳುವ ಅಧಿಕಾರ ಅದರಲ್ಲಿಯೂ ಮುಂದುವರಿದಿದೆ. ಆ ಸಮಿತಿಯಲ್ಲಿ ನ್ಯಾಯಾಧೀಶರಿಲ್ಲ, ಸರ್ಕಾರದ ಅಧಿಕಾರಿಗಳೇ ಇದ್ದಾರೆ.

ಆ ತೀರ್ಪನ್ನು ನಾನು ಓದಿದ್ದು ಬಹಳ ತಡವಾಗಿ. ಓದುವಾಗ ಮನಸ್ಸು ಬೇರೆ ಕಡೆ ಹೋಯಿತು. ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ.

ತೀರ್ಪು ಬಂದ ಒಂದೆರಡು ವರ್ಷಗಳ ನಂತರದ ಮಾತು. ಹತ್ತನೆಯ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದೆ. ಒಂದು ಪುಸ್ತಕದ ಬೈಂಡಿನ ಒಳಗೆ ಮಡಿಸಿಟ್ಟ ಕಾಗದವಿತ್ತು. ಚೆನ್ನಾಗಿ ಓದುವ, ಮಾತು ಕಡಿಮೆಯ ಹುಡುಗಿಯದು. ಬಿಡಿಸಿ ಓದಿದೆ. ಟ್ಯೂಷನ್ನಿನ ಒಬ್ಬ ಹುಡುಗನಿಗೆ ಬರೆದದ್ದು. ವಿಜ್ಞಾನದ ನೋಟ್ಸ್ ಕೇಳಿದ್ದಳು, ಮನೆಯಲ್ಲಿ ತಂದೆ ಕುಡಿದು ಬಂದು ಕೂಗಾಡುವುದರಿಂದ ಓದಲಾಗುತ್ತಿಲ್ಲ ಎಂದಿದ್ದಳು, ಯಾರಿಗೂ ಹೇಳಬೇಡ ಎಂದು ಕೊನೆಗೆ ಬರೆದಿದ್ದಳು. ಅಷ್ಟೆ. ನಾನು ಅದನ್ನು ಮಡಿಸಿ ಇದ್ದಲ್ಲಿಯೇ ಇಡಬಹುದಿತ್ತು. ಅವಳನ್ನು ಒಬ್ಬಳನ್ನೇ ಕರೆದು ವಿಚಾರಿಸಬಹುದಿತ್ತು. ಹುಡುಗಿಯ ಒಳ್ಳೆಯದಕ್ಕೇ ಎಂದುಕೊಂಡು ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಅಲ್ಲಿಂದ ಅದು ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋಯಿತು, ಅಲ್ಲಿಂದ ಅವಳ ತಂದೆಯ ಕೈಗೆ. ಕಾಗದವನ್ನು ಪೂರ್ತಿ ಓದುವ ವ್ಯವಧಾನ ಆತನಿಗಿರಲಿಲ್ಲ. ಹುಡುಗನ ಹೆಸರು ಸಾಕಾಯಿತು. ಸಂಕ್ರಾಂತಿಯಾದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಮರುವರ್ಷ ಮದುವೆಯಾಯಿತೆಂದು ಕೇಳಿದೆ.

ಹದಿನೈದು ವರ್ಷಗಳಾದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಹೂವಿನ ಅಂಗಡಿಯ ಮುಂದೆ, ಅವಳೇ ಗುರುತು ಹಿಡಿದು ಮಾತಾಡಿಸಿದಳು. ಜೊತೆಯಲ್ಲಿ ಮಗಳಿದ್ದಳು. ಚೆನ್ನಾಗಿದ್ದೀನಿ ಮಿಸ್ ಎಂದಳು. ನಾನು ಏನೋ ತೊದಲಿದೆ. ಅವಳು ಹೇಳಿದ್ದು ಇಷ್ಟು: "ನೀವು ಓದಿದ್ದಕ್ಕೆ ಬೇಜಾರಿಲ್ಲ ಮಿಸ್. ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತು."

ಗೃಹ ಕಾರ್ಯದರ್ಶಿಗೂ ಇರುವ ಕಟ್ಟು ನನಗಿರಲಿಲ್ಲ. ಬೇರೆ ದಾರಿಯಿದೆಯೇ ಎಂದು ಯೋಚಿಸಲಿಲ್ಲ, ಎರಡು ತಿಂಗಳ ನಂತರ ಪರಿಶೀಲಿಸಲಿಲ್ಲ. ತಪ್ಪು ಮಾಡದವರಿಗೆ ಭಯವೇಕೆ ಎಂಬ ಮಾತನ್ನು ನಾನು ಬೇಕಾದಷ್ಟು ಸಲ ಆಡಿದ್ದೇನೆ. ಆ ಹುಡುಗಿ ತಪ್ಪೇನೂ ಮಾಡಿರಲಿಲ್ಲ.

ತಪ್ಪು ಮಾಡದವರಿಗೆ ಭಯವಿದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಇನ್ನೊಂದು ಸಾಕ್ಷಿಯುಂಟು. 2007ರ ಆಗಸ್ಟ್ ಕೊನೆಯಲ್ಲಿ ಇಲ್ಲಿನ ಒಬ್ಬ ತರುಣ ಇಂಜಿನಿಯರನ್ನು ಪುಣೆಯ ಪೋಲೀಸರು ಮನೆಯಿಂದ ಕರೆದೊಯ್ದರು. ಆಗ ಜನಪ್ರಿಯವಾಗಿದ್ದ ಆರ್ಕುಟ್ ತಾಣದಲ್ಲಿ ಶಿವಾಜಿಯ ಅವಮಾನಕರ ಚಿತ್ರ ಹಾಕಿದ್ದಾನೆಂಬ ಆರೋಪ. ಕಂಪ್ಯೂಟರಿನ ಜಾಲವಿಳಾಸ ಯಾರದೆಂದು ಪೋಲೀಸರು ಕೇಳಿದಾಗ ದೂರಸಂಪರ್ಕ ಕಂಪನಿ ತಪ್ಪು ಹೆಸರು ಕೊಟ್ಟಿತ್ತು. ನಿಜ ತಿಳಿದು ಆತ ಹೊರಬರುವಷ್ಟರಲ್ಲಿ 50 ದಿನ ಜೈಲಿನಲ್ಲಿ ಕಳೆದಿದ್ದ. ಚಿಕ್ಕದೇವರಾಜರ ಅಂಚೆಯವನು ತಪ್ಪು ವರದಿ ಕೊಟ್ಟರೆ ಅವನನ್ನು ಕರೆಸಿ ಕೇಳಬಹುದಿತ್ತು. ಯಂತ್ರ ಹೇಳಿತೆಂದರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಆದರೂ ಎಲ್ಲ ನಿರ್ಬಂಧವೂ ಕೆಟ್ಟದ್ದೆಂದು ಹೇಳುವ ಧೈರ್ಯ ನನಗಿಲ್ಲ. 2012ರ ಆಗಸ್ಟ್ ನೋಡಿದವರು ಹಾಗೆ ಹೇಳಲಾರರು. ಅಸ್ಸಾಮಿನ ಕೋಕ್ರಝಾರ್ ಗಲಭೆಯ ಬೆನ್ನಿಗೆ, ಈಶಾನ್ಯ ರಾಜ್ಯಗಳವರ ಮೇಲೆ ಇಲ್ಲಿ ದಾಳಿಯಾಗುತ್ತದೆಂಬ ಗಾಳಿಮಾತು ಎಸ್ಸೆಮ್ಮೆಸ್ಸುಗಳಲ್ಲಿ ಹಬ್ಬಿತು. ಸಾವಿರಾರು ಜನ ರಾತ್ರೋರಾತ್ರಿ ಸಿಟಿ ಸ್ಟೇಷನ್ನಿಗೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಬಿ.ಟಿ.ಎಂ. ಲೇಔಟಿನಲ್ಲಿ ನನ್ನ ತಂಗಿಯ ಮನೆಯ ಮೇಲಿನ ಕೋಣೆಯಲ್ಲಿದ್ದ ಮಣಿಪುರದ ಇಬ್ಬರು ಹುಡುಗಿಯರು ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ಹೊರಟುಹೋದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಒಟ್ಟಾಗಿ ಕಳುಹಿಸದಂತೆ ದೇಶಕ್ಕೆಲ್ಲ ಮಿತಿ ಹಾಕಿತು. ಇನ್ನೂರಕ್ಕೂ ಹೆಚ್ಚು ಜಾಲಪುಟಗಳನ್ನು ತಡೆಯಿತು. ಆ ಮಿತಿಯ ಬಗ್ಗೆ ನನಗೆ ಸಿಟ್ಟು ಬರಲಿಲ್ಲ. ಅದಕ್ಕೆ ಕಾರಣವಿತ್ತು, ಅವಧಿ ಹದಿನೈದು ದಿನವೆಂದು ಹೇಳಿದ್ದರು, ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದ್ದರು. ಆದರೆ ಜಾಲಪುಟಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ಸುಳ್ಳು ಸುದ್ದಿ ಹಬ್ಬಿಸಿದವರ ಜೊತೆಗೆ ಪತ್ರಕರ್ತರ ಬರಹಗಳೂ ಸೇರಿದ್ದವು. ಬೆಂಕಿ ಆರಿಸಲು ತಂದ ನೀರಿನಲ್ಲಿ ಸ್ವಲ್ಪವನ್ನು ಬೇಡದವರ ಮೇಲೂ ಚೆಲ್ಲುವ ಆಸೆ ಸರ್ಕಾರಗಳಿಗೆ ಇದ್ದೇ ಇರುತ್ತದೆ.

ಅದೇ 2012ರಲ್ಲಿ, ನಮ್ಮ ಊರಿನ ಒಬ್ಬ ಹಿರಿಯರು ಸದ್ದಿಲ್ಲದೆ ಒಂದು ಕೆಲಸ ಮಾಡಿದರು. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸರ್ಕಾರಿ ಲಾ ಕಾಲೇಜುಗಳಲ್ಲಿ ಓದಿ, 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಆಧಾರ್ ಎಂಬ ಹನ್ನೆರಡಂಕಿಯ ಯೋಜನೆಗೆ ನಮ್ಮ ಬೆಂಗಳೂರಿನ ನಂದನ್ ನಿಲೇಕಣಿಯವರು 2009ರಲ್ಲಿ ಮುಖ್ಯಸ್ಥರಾಗಿದ್ದರು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರೂ ಬೆಂಗಳೂರಿನವರೇ. ಆಗ ಅವರಿಗೆ 86 ವರ್ಷ. ಸಂಸತ್ತಿನ ಕಾಯಿದೆಯೇ ಇಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸುವುದು ಹೇಗೆ ಎಂಬುದು ಅವರ ಪ್ರಶ್ನೆ.

2015ರಲ್ಲಿ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಎದ್ದು ನಿಂತು, ಖಾಸಗಿತನ ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಅದಕ್ಕೆ ಆಧಾರವಾಗಿ 1954ರ ಹಾಗೂ 1962ರ ಹಳೆಯ ತೀರ್ಪುಗಳಿದ್ದವು. ಅಷ್ಟು ದೊಡ್ಡ ಪೀಠಗಳ ಮಾತನ್ನು ಬದಲಿಸಬೇಕಾದರೆ ಇನ್ನೂ ದೊಡ್ಡ ಪೀಠ ಬೇಕಲ್ಲ. ಒಂಬತ್ತು ನ್ಯಾಯಮೂರ್ತಿಗಳು ಕುಳಿತರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಸೆರೆಯಲ್ಲಿರುವವನು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದಿದ್ದ ಕುಖ್ಯಾತ ತೀರ್ಪನ್ನೂ ಅಂದೇ ತಳ್ಳಿಹಾಕಿದರು. ಹಾಗೆ ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ತಂದೆ ವೈ. ವಿ. ಚಂದ್ರಚೂಡ್ 1976ರ ಪೀಠದಲ್ಲಿ ಬಹುಮತದ ಜೊತೆಗಿದ್ದವರು. ಇದನ್ನು ಹೇಳಿದಾಗ ತರಗತಿ ಒಂದು ಕ್ಷಣ ನಿಶ್ಶಬ್ದವಾಗುತ್ತದೆ. ಅಪ್ಪನ ತಪ್ಪನ್ನು ಮಗ ತಿದ್ದಬಹುದೆಂಬುದು ಮಕ್ಕಳಿಗೆ ಹಿಡಿಸುವ ಸಂಗತಿ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ರ ವಯಸ್ಸಿನಲ್ಲಿ ತೀರಿಕೊಂಡರು.

ಆಧಾರ್ ಪೂರ್ತಿ ಬೀಳಲಿಲ್ಲ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ 4-1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು, ಕೆಲವು ಅಂಚುಗಳನ್ನು ಕತ್ತರಿಸಿತು. ಅದರಲ್ಲಿ ನಮ್ಮಂಥವರಿಗೆ ಸಂಬಂಧಿಸಿದ್ದು ಒಂದಿತ್ತು: ಶಾಲೆಗೆ ಸೇರಿಸಿಕೊಳ್ಳಲು ಮಗುವಿನ ಆಧಾರ್ ಕಡ್ಡಾಯ ಮಾಡುವಂತಿಲ್ಲ. ಆ ಸುದ್ದಿ ಬಂದ ದಿನ ನಾನು ಕಳವಳದಿಂದ ನನ್ನ ಬೀರು ತೆರೆದೆ. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ನನ್ನ ತರಗತಿಯ ಮಕ್ಕಳ ಹೆಸರು, ಜಾತಿ, ತಂದೆಯ ವರಮಾನ, ತಾಯಿಯ ಫೋನು, ಆಧಾರ್ ಅಂಕಿ ಎಲ್ಲವನ್ನೂ ನಾನೇ ನೀಟಾಗಿ ಬರೆದಿಟ್ಟ ಪಟ್ಟಿಗಳು ಅಲ್ಲಿದ್ದವು. ಅದರಲ್ಲೊಂದರ ನಕಲನ್ನು, ತಪ್ಪಿದ್ದರೆ ಪೋಷಕರು ತಿದ್ದಲಿ ಎಂದು, ನೋಟೀಸ್ ಬೋರ್ಡಿಗೆ ಹಚ್ಚಿದ್ದವಳೂ ನಾನೇ. ನಾಲ್ಕು ದಿನ ಅದು ಅಲ್ಲಿತ್ತು. ಯಾರೂ ಆಕ್ಷೇಪಿಸಲಿಲ್ಲ. ಮನೆಗೆಲಸ ಮಾಡುವ ಒಬ್ಬ ತಾಯಿ ಮಾತ್ರ ಬೋರ್ಡಿನ ಮುಂದೆ ನಿಂತು, ತನ್ನ ಮಗನ ಹೆಸರಿನ ಮೇಲೆ ಬೆರಳಿಟ್ಟು, ಮುಂದಿನ ಕಾಲಮನ್ನು ಸೆರಗಿನಿಂದ ಮರೆಮಾಡಿಕೊಂಡು ಓದಿದ್ದು ನೆನಪಿದೆ. ಆ ಕಾಲಮಿನಲ್ಲಿ ಇದ್ದದ್ದು ಜಾತಿ.

ಈಗ 2023ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೊಂದು ಬಂದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕು, ಮಕ್ಕಳ ಚಲನವಲನವನ್ನು ಹಿಂಬಾಲಿಸುವಂತಿಲ್ಲ ಎಂದಿದೆ. ಓದಿ ಸಂತೋಷಪಟ್ಟೆ. ಮುಂದೆ ಓದಿದರೆ, ಪಾಠದ ಹಾಗೂ ಮಕ್ಕಳ ಸುರಕ್ಷತೆಯ ಉದ್ದೇಶಕ್ಕೆ ಶಾಲೆಗಳಿಗೆ ವಿನಾಯಿತಿ. ಸರ್ಕಾರ ತನ್ನ ಸಂಸ್ಥೆಗಳಿಗೂ ವಿನಾಯಿತಿ ಕೊಟ್ಟುಕೊಳ್ಳಬಹುದು. ಸುರಕ್ಷತೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಊರಿನಲ್ಲಿ ಸೇಫ್ ಸಿಟಿ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮರಾಗಳನ್ನು ಹಾಕಿದ್ದಾರೆ. ಅದರ ಹಣ ನಿರ್ಭಯಾ ನಿಧಿಯದು. ಸಂಜೆ ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಲ್ಲುವ ನನ್ನ ಹಳೆಯ ವಿದ್ಯಾರ್ಥಿನಿಯರು, ಕ್ಯಾಮರಾ ಇರಲಿ ಮಿಸ್ ಎನ್ನುತ್ತಾರೆ. ಅವರ ಮಾತಿಗೆ ನಾನು ಎದುರಾಡಲಾರೆ. ಆದರೆ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ತಪ್ಪಾದರೆ ಯಾರು ಉತ್ತರ ಕೊಡುತ್ತಾರೆ ಎಂದು ಕೇಳುವುದು ಕ್ಯಾಮರಾ ಬೇಡ ಎಂದಂತಲ್ಲ.

ಹಾಗಾಗಿ ಒಂದು ಸಣ್ಣ ಕೆಲಸ ಮಾಡಿದೆ. ನಮ್ಮ ಶಾಲೆಯ ಆಡಳಿತ ಮಂಡಳಿಗೆ ಒಂದು ಹಾಳೆಯ ಅರ್ಜಿ ಬರೆದೆ. ತರಗತಿಯ ಕ್ಯಾಮರಾಗಳಲ್ಲಿ ಧ್ವನಿ ದಾಖಲಾಗುತ್ತದೆಯೇ? ದೃಶ್ಯಗಳನ್ನು ಯಾರು ನೋಡಬಹುದು? ಎಷ್ಟು ದಿನಕ್ಕೆ ಅಳಿಸುತ್ತಾರೆ? ಅರ್ಜಿ ಕೊಟ್ಟಾಗ, "ಏನ್ ಮೇಡಂ, ರಿಟೈರ್ ಆಗೋ ಹೊತ್ತಲ್ಲಿ ಇದೆಲ್ಲ ಯಾಕೆ" ಎಂದರು. ಆರು ವಾರ ಉತ್ತರವಿರಲಿಲ್ಲ. ಮತ್ತೊಂದು ಬರೆದೆ. ಕೊನೆಗೆ ಬಾಯಿಮಾತಿನಲ್ಲಿ ಉತ್ತರ ಬಂತು: ಧ್ವನಿ ದಾಖಲಾಗುತ್ತಿತ್ತು, ಈಗ ನಿಲ್ಲಿಸಿದ್ದೇವೆ. ಬರೆದು ಕೊಡಿ ಎಂದು ಕೇಳಿದ್ದೇನೆ. ಇನ್ನೂ ಕೊಟ್ಟಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗನಿಗೆ ಹೇಳಿದೆ: ಹೌದಪ್ಪ, ಕೇಳಿಸಿಕೊಳ್ಳುತ್ತಿತ್ತು. ನಾನೇ ಮೂರು ವರ್ಷ ವಿಚಾರಿಸಲಿಲ್ಲ. ಮುಂದಿನ ಬೆಂಚಿನ ಹುಡುಗಿಗೂ ಬಾಕಿ ಇದ್ದ ಉತ್ತರ ಕೊಟ್ಟೆ. ಕಾಗದ ಬರೆದವರಿಗೆ ಗೊತ್ತಿತ್ತೋ ಇಲ್ಲವೋ ಇತಿಹಾಸದ ಪುಸ್ತಕ ಹೇಳುವುದಿಲ್ಲಮ್ಮ, ಪುಸ್ತಕಗಳು ಅರಮನೆಯ ಕಡೆಯಿಂದ ಬರೆದವು. ಕಾಗದ ಬರೆದವರ ಕಡೆಯಿಂದ ಯಾರೂ ಬರೆದಿಟ್ಟಿಲ್ಲ ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. ಪರೀಕ್ಷೆಗೆ ಬರುವುದಿಲ್ಲ ಎಂದರೂ ಬಿಡಲಿಲ್ಲ.

ಆ ವಾರ ಸಂಗ್ರಹಿಸಿದ ನೋಟ್‌ಬುಕ್ಕುಗಳಲ್ಲಿ ಒಂದರ ಬೈಂಡಿನೊಳಗೆ ಮಡಿಸಿದ ಕಾಗದವಿತ್ತು. ಯಾರದೆಂದು ಹೇಳಬೇಕಾಗಿಲ್ಲ. ಪಾಠವನ್ನು ತಿದ್ದಿ, ಕಾಗದವನ್ನು ಇದ್ದ ಹಾಗೆಯೇ ಇಟ್ಟು, ಪುಸ್ತಕವನ್ನು ಅವಳ ಕೈಗೇ ಕೊಟ್ಟೆ. ಏನಾದರೂ ಹೇಳಿಕೊಳ್ಳಬೇಕೆನಿಸಿದರೆ ಊಟದ ಬಿಡುವಿನಲ್ಲಿ ನಾನು ಲೈಬ್ರರಿಯಲ್ಲಿ ಒಬ್ಬಳೇ ಇರುತ್ತೇನೆ ಎಂದೂ ತಿಳಿಸಿದೆ. ಇನ್ನೂ ಬಂದಿಲ್ಲ. ನಾನು ದಿನವೂ ಅಲ್ಲಿ ಹೋಗಿ ಕೂರುತ್ತೇನೆ.